ಕಾರಿನ ಲೆದರ್ ಸೀಟ್ ಮಿಂಚುತ್ತಿದ್ದರೆ ಅದು ಕೊಳೆ

ಶೋರೂಮಿನಲ್ಲಿ ನಿಂತಿರುವ ಹೊಸ ಕಾರಿನ ಲೆದರ್ ಸೀಟನ್ನು ಒಮ್ಮೆ ಹತ್ತಿರದಿಂದ ನೋಡಿ. ಅದು ಮಿಂಚೋದಿಲ್ಲ. ಬಣ್ಣ ಮಂದವಾಗಿರುತ್ತದೆ, ಮುಟ್ಟಿದರೆ ಮೆತ್ತಗಿರುತ್ತದೆ, ಕೈಗೆ ಏನೂ ಅಂಟೋದಿಲ್ಲ. ಅದೇ ಸೀಟು ಒಂದೆರಡು ವರ್ಷ ಕಳೆದ ಮೇಲೆ, ಅದರಲ್ಲೂ ಡ್ರೈವರ್ ಕೂರುವ ಜಾಗ, ನುಣ್ಣಗೆ ಹೊಳೆಯೋಕೆ ಶುರುವಾಗುತ್ತದೆ. ತುಂಬ ಜನ ಅದನ್ನು ನೋಡಿ ಲೆದರ್ ಚೆನ್ನಾಗಿ ಪಳಗಿದೆ ಅಂದುಕೊಳ್ಳುತ್ತಾರೆ. ಅಲ್ಲ. ಮೈಯ ಬೆವರು, ಜಿಡ್ಡು, ಧೂಳು, ಕೈಗೆ ಹಚ್ಚಿಕೊಂಡ ಕ್ರೀಮು, ಬಟ್ಟೆಯಿಂದ ಉದುರಿದ ಎಳೆ, ಎಲ್ಲ ಸೇರಿ ಲೆದರ್ ಮೇಲಿನ ಸಣ್ಣ ಸಣ್ಣ ಗೆರೆಗಳಲ್ಲಿ ತುಂಬಿಕೊಂಡು ಸಮತಟ್ಟಾಗಿ ಕೂತಿರುತ್ತದೆ. ಆ ಹೊಳಪು ಅಂದರೆ ಅದೇ.

ಹಾಗಾಗಿ ಈ ಕೆಲಸದಲ್ಲಿ ಮುಕ್ಕಾಲು ಪಾಲು ಕೊಳೆ ತೆಗೆಯೋದು. ಕಂಡೀಷನರ್, ಅಂದರೆ ಲೆದರ್ ಮೆತ್ತಗಿರಲಿ ಅಂತ ಬಳಿಯುವ ಕ್ರೀಮು, ಅದನ್ನು ಹಚ್ಚೋದು ಉಳಿದ ಕಾಲು ಪಾಲು. ಜನ ಮಾಡೋದು ಪೂರ್ತಿ ಉಲ್ಟಾ. ಒಂದು ಒಣ ಬಟ್ಟೆಯಲ್ಲಿ ಸುಮ್ನೆ ಮೇಲೆ ಮೇಲೆ ಒರೆಸಿ, ಆಮೇಲೆ ಬಾಟಲಿ ತೆಗೆದು ಕಂಡೀಷನರ್ ಸುರಿದು ಉಜ್ಜುತ್ತಾರೆ. ಕೊಳೆಯ ಮೇಲೆ ಕ್ರೀಮು ಕೂತು ಇನ್ನೂ ಜಾಸ್ತಿ ಧೂಳು ಹಿಡಿಯುತ್ತದೆ, ಸೀಟು ಇನ್ನೂ ಮಿಂಚುತ್ತದೆ, ಅವರಿಗೆ ಖುಷಿಯಾಗುತ್ತದೆ.

ಮೊದಲು ಸೀಟು ಯಾವುದು ಅಂತ ತಿಳ್ಕೊಳ್ಳಿ

ಕಾರಿನ ಲೆದರ್ ಅಂದರೆ ಶೂ ಅಥವಾ ಬೆಲ್ಟಿನ ಲೆದರ್ ಥರ ಅಲ್ಲ. ಹೆಚ್ಚಿನ ಕಾರುಗಳಲ್ಲಿ ದನದ ತೊಗಲನ್ನು ಹದ ಮಾಡಿ, ಮೆತ್ತಗಾಗಲು ಎಣ್ಣೆಯಂಶ ಸೇರಿಸಿ, ಬಣ್ಣಕ್ಕೆ ಹಾಕಿ, ಅದರ ಮೇಲೆ ಮತ್ತೆ ಬಣ್ಣದ ಒಂದು ಪದರ ಬಳಿದು, ಕೊನೆಗೆ ಪಾಲಿಯುರೆಥೇನ್‌ನ ತೆಳುವಾದ ಒಂದು ಪದರ, ಅಂದರೆ ಒಂದು ಬಗೆಯ ಪ್ಲಾಸ್ಟಿಕ್ ಲೇಪ, ಕೊಟ್ಟಿರುತ್ತಾರೆ. ನೀವು ಕೂತಾಗ ಉಜ್ಜೋದು, ಒರೆಸುವಾಗ ಮುಟ್ಟೋದು ಎಲ್ಲ ಆ ಕೊನೆಯ ಪದರವನ್ನು. ಇಂಥ ಸೀಟಿಗೆ ಲೀಟರ್‌ಗಟ್ಟಲೆ ಕಂಡೀಷನರ್ ಕುಡಿಸೋದು, ಪೇಂಟ್ ಹೊಡೆದ ಗೋಡೆಯ ಮೇಲೆ ನೀರು ಚಿಮುಕಿಸಿ ಒಳಗಿನ ಇಟ್ಟಿಗೆ ನೆನೆಯಲಿ ಅಂತ ಕಾಯುವ ಹಾಗೆ. ಒಳಗೆ ಹೋಗೋದು ತುಂಬ ಕಡಿಮೆ.

ಇದನ್ನು ಪರೀಕ್ಷೆ ಮಾಡೋದು ಸುಲಭ. ಸೀಟಿನ ಕೆಳಗಡೆ ಎಲ್ಲೋ ಕಾಣದ ಜಾಗದಲ್ಲಿ ಒಂದು ಹನಿ ನೀರು ಬಿಡಿ, ಒಂದೆರಡು ನಿಮಿಷ ಕಾಯಿರಿ. ಹನಿ ಹಾಗೇ ಗುಂಡಗೆ ನಿಂತರೆ ಮೇಲೆ ಪದರ ಇದೆ, ನಿಮ್ಮ ಕೆಲಸ ಸುಲಭ. ನೀರು ನಿಧಾನಕ್ಕೆ ಒಳಗೆ ಇಳಿದು ಆ ಜಾಗ ಕಪ್ಪಾದರೆ ಅದು ಅನಿಲಿನ್ ಲೆದರ್, ಅಂದರೆ ಮೇಲೆ ಬಣ್ಣದ ಪದರ ಇಲ್ಲದೆ ಬರೀ ಒಳಬಣ್ಣ ಇರುವಂಥದ್ದು. ಕೆಲವು ದುಬಾರಿ ಕಾರುಗಳಲ್ಲಿ ಸೆಮಿ ಅನಿಲಿನ್ ಇರುತ್ತದೆ, ಅದಕ್ಕೆ ಪದರ ಇರುತ್ತದೆ, ಆದರೆ ತುಂಬ ತೆಳು. ಈ ಎರಡಕ್ಕೂ ಕೈ ಹಗುರವಾಗಿರಬೇಕು, ನೀರು ಕಡಿಮೆ ಇರಬೇಕು, ಕಂಡೀಷನರ್ ನಿಜವಾಗಿ ಉಪಯೋಗಕ್ಕೆ ಬರೋದೂ ಇವುಗಳಿಗೇ.

ಇನ್ನೊಂದು ವಿಷಯ. ಲೆದರ್ ಸೀಟ್ ಅಂತ ಮಾರುವ ಎಷ್ಟೋ ಕಾರುಗಳಲ್ಲಿ ನೀವು ಕೂರುವ ಮತ್ತು ಒರಗುವ ನಡುಭಾಗ ಮಾತ್ರ ಲೆದರ್. ಪಕ್ಕಗಳು, ಸೀಟಿನ ಹಿಂಭಾಗ, ಬಾಗಿಲಿನ ಒಳಗಿನ ಹೊದಿಕೆ ಎಲ್ಲ ರೆಕ್ಸಿನ್. ಕೆಲವು ಕಾರುಗಳಲ್ಲಿ ಪೂರ್ತಿ ರೆಕ್ಸಿನ್ನೇ ಇರುತ್ತದೆ, ಹೆಸರು ಮಾತ್ರ ಏನೋ ಚೆಂದದ್ದು ಇಟ್ಟಿರುತ್ತಾರೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಅಥವಾ ಬ್ರೋಷರಿನ ಸಣ್ಣಕ್ಷರದಲ್ಲಿ ಇದು ಗೊತ್ತಾಗುತ್ತದೆ. ರೆಕ್ಸಿನ್ ಆದರೆ ಬೇಜಾರು ಮಾಡ್ಕೋಬೇಡಿ. ಒರೆಸುವ ವಿಧಾನ ಹೆಚ್ಚುಕಡಿಮೆ ಇದೇ, ಲೆದರ್ ಕಂಡೀಷನರಿಗೆ ದುಡ್ಡು ಹಾಕೋದು ಮಾತ್ರ ದಂಡ, ಯಾಕೆಂದರೆ ಅದು ಪ್ಲಾಸ್ಟಿಕ್.

ಮಖಮಲ್ಲಿನ ಹಾಗೆ ಸಣ್ಣ ಎಳೆ ಇರುವ ಸೀಟು ಇದ್ದರೆ ಅದು ಬಹುಶಃ ಅಲ್ಕಾಂತಾರಾ ಅಥವಾ ಅದರ ಥರದ್ದು. ಅದು ತೊಗಲೇ ಅಲ್ಲ, ಪಾಲಿಯೆಸ್ಟರ್ ಮತ್ತು ಪಾಲಿಯುರೆಥೇನ್ ಸೇರಿಸಿ ಮಾಡಿದ ಬಟ್ಟೆ. ಅದಕ್ಕೆ ಲೆದರ್ ಕ್ಲೀನರ್, ಕಂಡೀಷನರ್ ಯಾವುದೂ ಬೇಡ. ಹಚ್ಚಿದರೆ ಎಳೆಗಳೆಲ್ಲ ಅಂಟಿಕೊಂಡು ಗಟ್ಟಿಯಾಗುತ್ತವೆ. ಮೆತ್ತನೆ ಬ್ರಷ್, ಹಿಂಡಿದ ಒದ್ದೆ ಬಟ್ಟೆ, ಅಷ್ಟೇ.

ಏನೇನು ಬೇಕು

ಜಾಸ್ತಿ ಏನಿಲ್ಲ. ಮೆತ್ತನೆ ಕೂದಲಿನ ತುದಿ ಇರುವ ವ್ಯಾಕ್ಯೂಮ್ ಕ್ಲೀನರ್, ಮೆತ್ತನೆ ಬ್ರಷ್ ಒಂದು (ಕುದುರೆ ಕೂದಲಿನದು ಸಿಕ್ಕರೆ ಒಳ್ಳೆಯದು, ಬಟ್ಟೆ ಒಗೆಯುವ ಬ್ರಷ್ ಖಂಡಿತ ಬೇಡ), ನಾಲ್ಕೈದು ಸ್ವಚ್ಛವಾದ ಮೈಕ್ರೋಫೈಬರ್ ಬಟ್ಟೆ, ಒಂದು ಸ್ಪಂಜಿನ ತುಂಡು, ಲೆದರಿಗೇ ಅಂತ ಮಾಡಿದ ಕ್ಲೀನರ್. ಬಟ್ಟೆ ಬಿಳಿ ಅಥವಾ ತಿಳಿ ಬಣ್ಣದ್ದಾಗಿದ್ದರೆ ಕೊಳೆ ಎಷ್ಟು ಬರುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ, ಮತ್ತು ಇನ್ನೊಂದು ಮುಖ್ಯವಾದದ್ದು, ಸೀಟಿನ ಬಣ್ಣವೇ ಎದ್ದು ಬರುತ್ತಿದ್ದರೆ ಅದೂ ಕೂಡಲೇ ಗೊತ್ತಾಗುತ್ತದೆ.

ಕ್ಲೀನರ್ ಬಗ್ಗೆ ಒಂದು ಮಾತು. ಲೆದರ್ ತಾನಾಗಿ ಸ್ವಲ್ಪ ಆಮ್ಲೀಯ, ಪಿಎಚ್ (ಆಮ್ಲ, ಕ್ಷಾರ ಅಳೆಯುವ ಅಂಕಿ, 7 ಅಂದರೆ ಎರಡೂ ಅಲ್ಲದ ನ್ಯೂಟ್ರಲ್) ಸುಮಾರು 3.5ರಿಂದ 5ರ ಒಳಗೆ ಇರುತ್ತದೆ. ಬಟ್ಟೆ ಒಗೆಯುವ ಪುಡಿ, ನೆಲ ಒರೆಸುವ ದ್ರವ, ಎಲ್ಲಕ್ಕೂ ಆಗುತ್ತೆ ಅಂತ ಮಾರುವ ಕ್ಲೀನರ್‌ಗಳಲ್ಲಿ ಎಷ್ಟೋ ಇದಕ್ಕೆ ವಿರುದ್ಧವಾಗಿ ಕ್ಷಾರೀಯ, ಕೆಲವು 10ರ ಮೇಲೂ ಇರುತ್ತವೆ. ಒಂದು ಸಲ ಹಾಕಿದರೆ ಏನೂ ಆಗಿಲ್ಲ ಅನ್ನಿಸುತ್ತದೆ, ಆದರೆ ಪದೇ ಪದೇ ಬಳಸಿದರೆ ಮೇಲಿನ ಪದರ ಸೋಲುತ್ತದೆ, ಪದರ ಸೋತ ಕಡೆ ಒಳಗಿನ ತೊಗಲೂ ಬಿರುಸಾಗುತ್ತದೆ. ಲೆದರ್ ಕ್ಲೀನರ್ ಕೊಳ್ಳುವಾಗ ಬಾಟಲಿಯ ಮೇಲೆ ಪಿಎಚ್ ನ್ಯೂಟ್ರಲ್ ಅಂತ ಇದೆಯಾ ನೋಡಿ. ಕ್ಲೀನರೇ ಸಿಗದಿದ್ದರೆ ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಮಕ್ಕಳ ಶಾಂಪೂ ಒಂದೆರಡು ಹನಿ ಹಾಕಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಒರೆಸಬಹುದು. ಆಮೇಲೆ ಬರೀ ನೀರಿನ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಲೇಬೇಕು. ಹಗುರ ಕೊಳೆಗೆ ಇದು ಸಾಕಾಗುತ್ತದೆ.

ಒಂದೇ ಬಾಟಲಿಯಲ್ಲಿ ಕ್ಲೀನರ್ ಮತ್ತು ಕಂಡೀಷನರ್ ಎರಡೂ ಸೇರಿದೆ ಅಂತ ಬರುವವು ನನಗೆ ಇಷ್ಟವಿಲ್ಲ. ಒಂದು ಕೊಳೆ ಎತ್ತಬೇಕು, ಇನ್ನೊಂದು ಮೇಲೆ ಕೂರಬೇಕು. ಎರಡೂ ಒಟ್ಟಿಗೆ ಅಂದರೆ ಎರಡೂ ಅರೆಬರೆ. ವಾರಕ್ಕೊಮ್ಮೆ ಧೂಳು ಒರೆಸೋಕೆ ಪರವಾಗಿಲ್ಲ, ಅಷ್ಟೇ.

ಒರೆಸೋದು ಹೇಗೆ

ಕಾರನ್ನು ನೆರಳಲ್ಲಿ ನಿಲ್ಲಿಸಿ. ಬಿಸಿಲಲ್ಲಿ ನಿಂತ ಕಾರಾದರೆ ಬಾಗಿಲು ತೆಗೆದು ಸೀಟು ಪೂರ್ತಿ ತಣ್ಣಗಾಗಲು ಬಿಡಿ. ಬಿಸಿ ಸೀಟಿನ ಮೇಲೆ ಕ್ಲೀನರ್ ಹಾಕಿದ ತಕ್ಷಣ ಒಣಗಿ ಕಲೆಯಾಗುತ್ತದೆ.

ಮೊದಲು ವ್ಯಾಕ್ಯೂಮ್. ಇದನ್ನು ಬಿಡಬೇಡಿ, ಅವಸರಾನೂ ಮಾಡಬೇಡಿ. ಸೀಟನ್ನು ಹಿಂದಕ್ಕೆ ಬಾಗಿಸಿ, ಒರಗುವ ಭಾಗ ಮತ್ತು ಕೂರುವ ಭಾಗ ಸೇರುವ ಸಂದಿಯನ್ನು ಕೈಯಲ್ಲಿ ಬಿಡಿಸಿ ಹಿಡಿದು ವ್ಯಾಕ್ಯೂಮಿನಲ್ಲಿ ಧೂಳು ಎಳೆಯಿರಿ. ಅಲ್ಲಿ ಮರಳು, ಸಣ್ಣ ಕಲ್ಲು, ತಿಂಡಿಯ ಚೂರು ಎಲ್ಲ ಇರುತ್ತವೆ. ಹೊಲಿಗೆಯ ಸಾಲಿನಲ್ಲೂ ಮರಳು ಕೂತಿರುತ್ತದೆ, ನೀವು ಪ್ರತಿ ಸಲ ಕೂತು ಎದ್ದಾಗ ಅದು ದಾರವನ್ನು ಸವೆಸುತ್ತಿರುತ್ತದೆ. ಮರಳು ತೆಗೆಯದೆ ಬ್ರಷ್ ಹಾಕಿದರೆ ನೀವೇ ಸೀಟಿಗೆ ಗೀರು ಹಾಕಿದ ಲೆಕ್ಕ. ಸೀಟಿನ ಕೆಳಗೆ ವ್ಯಾಕ್ಯೂಮ್ ಪೈಪ್ ತೂರಿಸುವಾಗ ಮಾತ್ರ ಹುಷಾರು. ಅಲ್ಲಿ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದ್ದು, ಅದನ್ನು ಎಳೆಯೋದು, ಬಿಚ್ಚೋದು ಮಾಡಬೇಡಿ.

ಆಮೇಲೆ ಕಾಣದ ಜಾಗದಲ್ಲಿ ಒಂದು ಸಣ್ಣ ಪರೀಕ್ಷೆ. ಸ್ವಲ್ಪ ಕ್ಲೀನರನ್ನು ಬಟ್ಟೆಗೆ ಹಾಕಿ ಉಜ್ಜಿ, ಒಣಗಲು ಬಿಡಿ. ಬಟ್ಟೆಗೆ ಸೀಟಿನ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ.

ಇನ್ನು ಅಸಲು ಕೆಲಸ. ಕ್ಲೀನರನ್ನು ಬ್ರಷ್ಷಿಗೆ ಹಾಕಿ, ಸೀಟಿಗೆ ಅಲ್ಲ. ಸೀಟಿನ ಮೇಲೆ ನೇರವಾಗಿ ಸ್ಪ್ರೇ ಮಾಡಿದರೆ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಬೀಳುತ್ತದೆ, ಹೊಲಿಗೆಯ ತೂತುಗಳಿಂದ ಒಳಗಿನ ಫೋಮ್‌ಗೂ ಇಳಿಯುತ್ತದೆ. ಕೂರುವ ಜಾಗದ ಕೆಳಗೆ ಯಾರಾದರೂ ಕೂತಿದ್ದಾರಾ ಅಂತ ಗುರುತಿಸುವ ಸೆನ್ಸರ್, ಸೀಟ್ ಬಿಸಿ ಮಾಡುವ ತಂತಿ ಎಲ್ಲ ಇರಬಹುದು. ಅಲ್ಲಿಗೆ ನೀರು ಹೋಗೋದು ಬೇಡ.

ಒಂದು ಸಲಕ್ಕೆ ಒಂದು ಅಡಿ ಉದ್ದ, ಒಂದು ಅಡಿ ಅಗಲ ಅಷ್ಟೇ ತಗೊಳ್ಳಿ. ಬ್ರಷ್ಷನ್ನು ಒತ್ತಬೇಡಿ, ಸಣ್ಣ ಸಣ್ಣ ವೃತ್ತವಾಗಿ ಓಡಿಸಿ. ಕೊಳೆ ಎತ್ತೋದು ನಿಮ್ಮ ತೋಳಿನ ಬಲ ಅಲ್ಲ, ನೊರೆ ಮತ್ತು ಕೂದಲಿನ ತುದಿ. ಅರ್ಧ ನಿಮಿಷದಲ್ಲಿ ನೊರೆ ಕಂದು ಬಣ್ಣಕ್ಕೆ ತಿರುಗೋದು ಕಾಣುತ್ತದೆ. ಅದು ಒಣಗುವ ಮೊದಲೇ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಇದು ತುಂಬ ಮುಖ್ಯ, ಯಾಕೆಂದರೆ ಬ್ರಷ್ ಮಾಡಿದಾಗ ಕೊಳೆ ಸಡಿಲವಾಗಿ ನೊರೆಯಲ್ಲಿ ತೇಲುತ್ತಿರುತ್ತದೆ ಅಷ್ಟೇ, ನೀವು ಒರೆಸದೆ ಫೋನಿನಲ್ಲಿ ಮಾತಾಡುತ್ತ ನಿಂತರೆ ಅದು ಮತ್ತೆ ಅದೇ ಗೆರೆಗಳಲ್ಲಿ ಹೋಗಿ ಕೂತು ಒಣಗುತ್ತದೆ. ಬಟ್ಟೆಯ ಮಗ್ಗಲು ಬದಲಿಸುತ್ತಾ ಇರಿ. ಕೊಳಕಾದ ಮಗ್ಗಲಲ್ಲೇ ಮತ್ತೆ ಒರೆಸಿದರೆ ಕೊಳೆಯನ್ನು ಊರೆಲ್ಲ ಸುತ್ತಿಸಿದ ಹಾಗಾಗುತ್ತದೆ.

ಅದೇ ಜಾಗವನ್ನು ಇನ್ನೊಂದು ಸಲ ಮಾಡಿ. ಎರಡನೇ ಸಲ ಬಟ್ಟೆಗೆ ಏನೂ ಬರದಿದ್ದರೆ ಮುಂದಕ್ಕೆ ಹೋಗಿ. ಡ್ರೈವರ್ ಸೀಟಿನ ಹೊರಬದಿಯ ಉಬ್ಬು, ತಲೆ ಒರಗುವ ಜಾಗ, ಕೈ ಇಡುವ ನಡುಭಾಗದ ಹೊದಿಕೆ, ಈ ಮೂರು ಕಡೆ ಎರಡು ಸಲಕ್ಕೆ ಮುಗಿಯೋದಿಲ್ಲ. ತಲೆ ಒರಗುವ ಜಾಗದಲ್ಲಿ ಕೂದಲಿನ ಎಣ್ಣೆ, ಜೆಲ್ ಎಲ್ಲ ಸೇರಿ ಒಂದು ಅಂಟು ಪದರವೇ ಆಗಿರುತ್ತದೆ. ಅಲ್ಲಿ ಕ್ಲೀನರ್ ಹಚ್ಚಿ ಒಂದು ನಿಮಿಷ ಬಿಟ್ಟು ಬ್ರಷ್ ಮಾಡಿ. ಜಾಸ್ತಿ ಸಲ ಮಾಡಿ, ಜಾಸ್ತಿ ಒತ್ತಬೇಡಿ.

ಎಲ್ಲ ಆದ ಮೇಲೆ ಬರೀ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಪೂರ್ತಿ ಸೀಟನ್ನು ಒಮ್ಮೆ ಒರೆಸಿ, ಒಣ ಬಟ್ಟೆಯಿಂದ ಇನ್ನೊಮ್ಮೆ. ಕ್ಲೀನರ್ ಉಳಿದುಬಿಟ್ಟರೆ ಸೀಟು ಅಂಟಂಟಾಗುತ್ತದೆ. ಬಾಗಿಲು ತೆಗೆದಿಟ್ಟು ಒಂದು ಗಂಟೆ ತಾನಾಗಿ ಒಣಗಲು ಬಿಡಿ. ಹೇರ್ ಡ್ರೈಯರ್ ಬೇಡ, ಸೀಟ್ ಹೀಟರ್ ಬೇಡ, ಬಿಸಿಲಿಗೆ ಎಳೆದು ನಿಲ್ಲಿಸೋದೂ ಬೇಡ.

ಈಗ ನೋಡಿ. ಹೊಳಪು ಹೋಗಿರುತ್ತದೆ, ಬಣ್ಣ ಒಂದು ಛಾಯೆ ತಿಳಿಯಾಗಿರುತ್ತದೆ. ಲೆದರ್ ಒಣಗಿಹೋಯ್ತು ಅಂತ ಗಾಬರಿಯಾಗಿ ಕಂಡೀಷನರ್ ಸುರಿಯಬೇಡಿ. ಅದು ಇರಬೇಕಾದದ್ದೇ ಹಾಗೆ.

ತೂತು ತೂತಿನ ಸೀಟು

ಗಾಳಿ ಬರುವ ಸೀಟುಗಳಲ್ಲಿ ನಡುಭಾಗದ ತುಂಬ ಸಣ್ಣ ತೂತುಗಳಿರುತ್ತವೆ. ಇಲ್ಲಿ ನೊರೆಯ ಥರ ಬರುವ ಕ್ಲೀನರ್ ಒಳ್ಳೆಯದು, ನೀರು ಕಡಿಮೆ ಇರುತ್ತದೆ. ಅದನ್ನೂ ಬಟ್ಟೆಗೇ ಹಾಕಿಕೊಂಡು ಒರೆಸಿ. ಸೀಟಿನ ಫ್ಯಾನ್ ಆಫ್ ಇರಲಿ, ಏಕೆಂದರೆ ಕೆಲವು ಕಾರುಗಳಲ್ಲಿ ಅದು ಗಾಳಿಯನ್ನು ಮೇಲಕ್ಕೆ ಊದುವ ಬದಲು ಒಳಗೆ ಎಳೆಯುತ್ತದೆ. ಕಂಡೀಷನರನ್ನು ಸ್ಪಂಜಿಗೆ ತೀರಾ ಸ್ವಲ್ಪ ಹಚ್ಚಿ ಸವರಿ, ಇಲ್ಲದಿದ್ದರೆ ಪ್ರತಿ ತೂತಿನಲ್ಲೂ ಬಿಳಿ ಚುಕ್ಕೆ ಕೂರುತ್ತದೆ. ಆಮೇಲೆ ಹಲ್ಲುಕಡ್ಡಿ ಹಿಡಿದು ಒಂದೊಂದೇ ತೂತು ಬಿಡಿಸುತ್ತ ಕೂರೋದು ಯಾರಿಗೂ ಬೇಡ.

ಕಂಡೀಷನರ್ ಎಷ್ಟು, ಯಾವಾಗ

ಮೇಲೆ ಪದರ ಇರುವ ಸೀಟಿಗೆ ವರ್ಷಕ್ಕೆ ಎರಡು ಸಲ ಧಾರಾಳವಾಯಿತು. ಅದೂ ಕ್ಲೀನ್ ಮಾಡಿ ಪೂರ್ತಿ ಒಣಗಿದ ಮೇಲೆ ಮಾತ್ರ. ಇಲ್ಲಿ ಕಂಡೀಷನರ್ ಮಾಡುವ ಕೆಲಸ ತೊಗಲಿಗೆ ಎಣ್ಣೆ ಕೊಡೋದಕ್ಕಿಂತ ಮೇಲ್ಮೈಯ ಉಜ್ಜಾಟ ಕಡಿಮೆ ಮಾಡೋದು. ಬಟ್ಟೆ ಮತ್ತು ಸೀಟು ಉಜ್ಜುವ ಕಡೆ, ಲೆದರ್ ಮಡಚುವ ಕಡೆ ಸವೆತ ಕಡಿಮೆಯಾಗುತ್ತದೆ, ಸೀಟು ಕಿರ್ ಕಿರ್ ಅನ್ನೋದು ನಿಲ್ಲುತ್ತದೆ. ಲೆದರ್ ಮೆತ್ತಗಿರಲು ಒಳಗೆ ಎಣ್ಣೆಯ ಜೊತೆಗೆ ಸ್ವಲ್ಪ ತೇವಾಂಶವೂ ಬೇಕು, ಅದನ್ನು ಅದು ಸುತ್ತಲಿನ ಗಾಳಿಯಿಂದ ತಾನೇ ಎಳೆದುಕೊಳ್ಳುತ್ತದೆ. ದಪ್ಪ ಎಣ್ಣೆ ಬಳಿದು ಮುಚ್ಚಿಬಿಟ್ಟರೆ ಅದಕ್ಕೇನೂ ಉಪಕಾರವಿಲ್ಲ.

ಹಚ್ಚೋದು ಹೀಗೆ. ಸ್ಪಂಜಿನ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಕ್ರೀಮು. ಒರಗುವ ಭಾಗ ಪೂರ್ತಿ ಅದರಲ್ಲೇ ಆಗುತ್ತದೆ. ತೆಳ್ಳಗೆ ಸವರಿ, ಬಾಟಲಿಯ ಮೇಲೆ ಬರೆದಷ್ಟು ಹೊತ್ತು, ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷ ಬಿಟ್ಟು, ಸ್ವಚ್ಛ ಬಟ್ಟೆಯಿಂದ ಉಳಿದದ್ದನ್ನು ಪೂರ್ತಿ ಒರೆಸಿ ತೆಗೆಯಿರಿ. ಈ ಕೊನೆಯ ಒರೆಸುವಿಕೆಯನ್ನೇ ಜನ ಬಿಡೋದು. ಮುಟ್ಟಿದರೆ ಜಾರಬಾರದು, ಅಂಟಬಾರದು, ಮಿಂಚಬಾರದು. ಮೂರರಲ್ಲಿ ಒಂದು ಇದ್ದರೂ ಇನ್ನೊಮ್ಮೆ ಒರೆಸಿ.

ಅನಿಲಿನ್ ಆದರೆ ಮೂರು ನಾಲ್ಕು ತಿಂಗಳಿಗೊಮ್ಮೆ ಹಚ್ಚಬಹುದು, ಅದು ನಿಜವಾಗಿ ಹೀರಿಕೊಳ್ಳುತ್ತದೆ. ಬಣ್ಣ ಸ್ವಲ್ಪ ಗಾಢವಾಗುತ್ತದೆ, ಅದಕ್ಕೇ ಒಂದು ತುಂಡಿಗೆ ಹಚ್ಚಿ ಇನ್ನೊಂದು ತುಂಡನ್ನು ಬಿಡಬೇಡಿ.

ತಿಳಿ ಬಣ್ಣದ ಸೀಟಿದ್ದರೆ ನನ್ನ ಪ್ರಕಾರ ಕಂಡೀಷನರಿಗಿಂತ ಪ್ರೊಟೆಕ್ಟರ್ ಅಥವಾ ಲೆದರ್ ಕೋಟಿಂಗ್ ಅಂತ ಸಿಗುವುದಕ್ಕೆ ದುಡ್ಡು ಹಾಕೋದು ಬುದ್ಧಿವಂತಿಕೆ. ಅದು ಮೇಲೆ ಇನ್ನೊಂದು ತೆಳು ಪದರವಾಗಿ ನಿಂತು ಜೀನ್ಸ್ ಬಣ್ಣ, ಜಿಡ್ಡು ಮೊದಲು ತನ್ನ ಮೇಲೆ ಬೀಳುವ ಹಾಗೆ ಮಾಡುತ್ತದೆ, ಒರೆಸೋದು ಸುಲಭವಾಗುತ್ತದೆ. ಹೊಸ ಕಾರು ಬಂದ ವಾರದಲ್ಲೇ ಹಚ್ಚಿದರೆ ಇನ್ನೂ ಒಳ್ಳೆಯದು.

ಸ್ಟಿಯರಿಂಗ್ ಚಕ್ರದ ಲೆದರನ್ನೂ ಇದೇ ರೀತಿ ಕ್ಲೀನ್ ಮಾಡಿ, ಕಾರಿನಲ್ಲಿ ಎಲ್ಲಕ್ಕಿಂತ ಕೊಳಕಾದ ಲೆದರ್ ಅದೇ. ಆದರೆ ಅದಕ್ಕೆ ಕಂಡೀಷನರ್ ಬೇಡ. ತಿರುವಿನಲ್ಲಿ ಕೈ ಜಾರಿದರೆ ಕಷ್ಟ.

ಹಚ್ಚಬಾರದ್ದು

ಅಡುಗೆಮನೆಯ ಎಣ್ಣೆ ಯಾವುದೂ ಬೇಡ. ತೆಂಗಿನೆಣ್ಣೆ, ಆಲಿವ್ ಎಣ್ಣೆ ಹಚ್ಚಿದ ದಿನ ಸೀಟು ನೋಡೋಕೆ ಚೆನ್ನಾಗಿರುತ್ತದೆ, ಆಮೇಲೆ ಧೂಳು ಅಂಟುತ್ತದೆ, ಬಟ್ಟೆಗೆ ಹತ್ತುತ್ತದೆ, ದಿನ ಕಳೆದ ಹಾಗೆ ಕಮಟು ವಾಸನೆ ಬರುತ್ತದೆ. ವಿನೆಗರ್, ಅಡುಗೆ ಸೋಡಾ, ಟೂತ್‌ಪೇಸ್ಟ್, ಇವೆಲ್ಲ ವಿಡಿಯೋದಲ್ಲಿ ನೋಡೋಕೆ ಮಾತ್ರ ಚೆಂದ.

ಹ್ಯಾಂಡ್ ಸ್ಯಾನಿಟೈಸರ್ ಮತ್ತು ಸ್ಪಿರಿಟ್ ಮೇಲಿನ ಪದರವನ್ನೇ ಕರಗಿಸಬಲ್ಲವು. ನೇಲ್ ಪಾಲಿಶ್ ತೆಗೆಯುವ ದ್ರವ, ಅದರಲ್ಲಿ ಅಸಿಟೋನ್ ಇದ್ದರೆ, ಒಂದೇ ಒರೆಸಿಗೆ ಬಣ್ಣ ಎಬ್ಬಿಸುತ್ತದೆ. ಕಾರಿನಲ್ಲಿ ಕೂತ ಮೇಲೆ ಸ್ಯಾನಿಟೈಸರ್ ಹಚ್ಚಿಕೊಂಡು ಒದ್ದೆ ಕೈಯನ್ನು ಸ್ಟಿಯರಿಂಗ್ ಮೇಲೆ ಇಡುವವರ ಚಕ್ರ ಬೇಗ ಸಿಪ್ಪೆ ಏಳೋದು ಇದಕ್ಕೇ. ಗಾಜು ಒರೆಸುವ ದ್ರವದಲ್ಲಿ ಅಮೋನಿಯಾ ಇರಬಹುದು, ಕಿಟಕಿ ಒರೆಸುವಾಗ ಸೀಟಿನ ಮೇಲೆ ಬೀಳದಂತೆ ನೋಡಿಕೊಳ್ಳಿ.

ಮ್ಯಾಜಿಕ್ ಸ್ಪಂಜ್ ಅಂತ ಬರುವ ಬಿಳಿ ತುಂಡು ಮೆಲಮೈನ್ ಫೋಮ್. ಅದು ಕೊಳೆಯನ್ನು ಕರಗಿಸೋದಿಲ್ಲ, ಸಣ್ಣ ಉಪ್ಪುಕಾಗದದಂತೆ ಕೆರೆದು ತೆಗೆಯುತ್ತದೆ. ಕಲೆ ಹೋಗುತ್ತದೆ, ನಿಜ. ಪದರವೂ ಸ್ವಲ್ಪ ಸ್ವಲ್ಪ ಹೋಗುತ್ತದೆ.

ಸ್ಯಾಡಲ್ ಸೋಪ್, ಮಿಂಕ್ ಆಯಿಲ್ ಇವೆಲ್ಲ ಕುದುರೆಯ ಜೀನು, ಬೂಟುಗಳಿಗೆ ಮಾಡಿದವು. ಕಾರಿನ ಸೀಟಿಗೆ ಬೇಡ. ಟೈರ್ ಮತ್ತು ಡ್ಯಾಶ್‌ಬೋರ್ಡ್ ಮಿಂಚಿಸುವ ಸಿಲಿಕೋನ್ ಸ್ಪ್ರೇ ಕೂಡ ಬೇಡ, ಸೀಟು ಜಾರುತ್ತದೆ, ಮುಂದೊಂದು ದಿನ ಸೀಟಿಗೆ ಬಣ್ಣ ಹಾಕಿಸಬೇಕು ಅಂದರೆ ಬಣ್ಣ ಹಿಡಿಯೋದಿಲ್ಲ.

ಕಲೆಗಳು

ಯಾವ ಕಲೆಗೂ ಮೊದಲ ಔಷಧಿ ಬೇಗ ಒರೆಸೋದು. ಏನಾದರೂ ಚೆಲ್ಲಿದರೆ ಉಜ್ಜಬೇಡಿ, ಒಣ ಬಟ್ಟೆ ಇಟ್ಟು ಒತ್ತಿ ಹೀರಿಸಿ. ಹೊಲಿಗೆಯ ಕಡೆಗೆ ತಳ್ಳಬೇಡಿ. ಹಾಲು ಚೆಲ್ಲಿದಾಗ ಮೇಲೆ ಒರೆಸಿ ಬಿಟ್ಟರೆ ಸಾಲದು, ಸಂದಿಯಿಂದ ಒಳಗೆ ಇಳಿದದ್ದೇ ಮೂರನೇ ದಿನ ನಾರೋದು. ಸಂದಿ ಬಿಡಿಸಿ ಒಳಗೂ ಒರೆಸಿ.

ಜೀನ್ಸಿನ ನೀಲಿ, ತಿಳಿ ಸೀಟು ಇಟ್ಟುಕೊಂಡವರಿಗೆ ದೊಡ್ಡ ತಲೆನೋವು. ಹೊಸ ಜೀನ್ಸ್, ಅದೂ ಬೆವರಿಗೆ ಅಥವಾ ಮಳೆಗೆ ಒದ್ದೆಯಾಗಿದ್ದರೆ, ಬಣ್ಣ ಸೀಟಿಗೆ ಹತ್ತುತ್ತದೆ. ಮೊದಲ ಕೆಲವು ವಾರದಲ್ಲಾದರೆ ಮಾಮೂಲಿ ಲೆದರ್ ಕ್ಲೀನರ್ ಮತ್ತು ಬ್ರಷ್ಷಿನಲ್ಲೇ ಹೋಗುತ್ತದೆ. ತಿಂಗಳುಗಟ್ಟಲೆ ಬಿಸಿಲು ತಿಂದು ಪದರದೊಳಗೆ ಇಳಿದುಬಿಟ್ಟರೆ ಏನು ಮಾಡಿದರೂ ಪೂರ್ತಿ ಹೋಗೋದು ಕಷ್ಟ, ಕೊನೆಗೆ ಮೇಲೆ ಬಣ್ಣ ಹಾಕಿಸೋದೇ ದಾರಿ.

ಪೆನ್ನಿನ ಇಂಕು ಇನ್ನೂ ಕೆಟ್ಟದ್ದು. ಇಂಕನ್ನು ಕರಗಿಸುವ ದ್ರವವೇ ಸೀಟಿನ ಪದರವನ್ನೂ ಕರಗಿಸುತ್ತದೆ, ಅಲ್ವಾ, ಅಲ್ಲೇ ಸಮಸ್ಯೆ. ಹಸಿ ಇದ್ದರೆ ಕ್ಲೀನರ್ ಹಾಕಿ ಒತ್ತಿ ಒತ್ತಿ ತೆಗೆಯಿರಿ, ಹರಡದಂತೆ ಹೊರಗಿನಿಂದ ಒಳಕ್ಕೆ. ಒಣಗಿಹೋಗಿದ್ದರೆ ಲೆದರ್ ರಿಪೇರಿ ಮಾಡುವವರಿಗೆ ತೋರಿಸಿ. ಒಂದು ಸಣ್ಣ ಗೆರೆ ತೆಗೆಯಲು ಹೋಗಿ ಅಂಗೈಯಗಲ ಬಣ್ಣ ಕಳೆದುಕೊಳ್ಳೋದಕ್ಕಿಂತ ಗೆರೆ ಇದ್ದರೇ ವಾಸಿ.

ಸನ್‌ಸ್ಕ್ರೀನ್ ಹಚ್ಚಿದ ಕೈಕಾಲು ತಾಗಿ ಆಗುವ ಕಲೆ ಮೊದಲು ಕಾಣೋದೇ ಇಲ್ಲ, ಕಪ್ಪು ಸೀಟಿನಲ್ಲಿ ಆಮೇಲೆ ಬೂದಿ ಬಣ್ಣದ ಗುರುತಾಗಿ ಏಳುತ್ತದೆ. ಅದೇ ದಿನ ಕ್ಲೀನರಿನಲ್ಲಿ ಒರೆಸಿದರೆ ಹೋಗುತ್ತದೆ.

ಬೂಷ್ಟು ಬಂದಿದ್ದರೆ ಅದು ಸೀಟಿನ ಕಾಯಿಲೆಯಲ್ಲ, ಕಾರಿನೊಳಗೆ ತೇವ ಉಳಿದಿದೆ ಅಂತ ಅರ್ಥ, ಎಲ್ಲೋ ನೀರು ನಿಂತಿರಬಹುದು. ಕಾಲ್ಚಾಪೆ ಎತ್ತಿ ಕಾರ್ಪೆಟ್ ಒತ್ತಿ ನೋಡಿ. ಸನ್‌ರೂಫ್ ಇದ್ದರೆ ಅದರ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡಿರಬಹುದು, ಬಾಗಿಲಿನ ರಬ್ಬರ್ ಹರಿದಿರಬಹುದು, ಎಸಿ ನೀರು ಹೊರಹೋಗುವ ಪೈಪು ಕಟ್ಟಿರಬಹುದು. ಅದನ್ನು ಸರಿಮಾಡದೆ ಸೀಟು ಎಷ್ಟು ಸಲ ಒರೆಸಿದರೂ ಮತ್ತೆ ಬರುತ್ತದೆ. ಒರೆಸುವಾಗ ಮೂಗಿಗೆ ಮಾಸ್ಕ್ ಹಾಕಿಕೊಂಡು, ಬಾಗಿಲೆಲ್ಲ ತೆಗೆದು, ಮೊದಲು ಒದ್ದೆ ಬಟ್ಟೆಯಿಂದ ಮೆಲ್ಲಗೆ ಎತ್ತಿ, ಆ ಬಟ್ಟೆ ಎಸೆದು, ಆಮೇಲೆ ಕ್ಲೀನರ್ ಹಾಕಿ. ಪೂರ್ತಿ ಒಣಗುವ ತನಕ ಕಂಡೀಷನರ್ ಮುಟ್ಟಬೇಡಿ, ಬೂಷ್ಟಿಗೆ ಅದೂ ಊಟವೇ.

ಎಷ್ಟು ದಿನಕ್ಕೊಮ್ಮೆ

ದಿನಾ ಓಡಿಸುವ ಕಾರಾದರೆ ವಾರಕ್ಕೊಮ್ಮೆ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒಂದು ಕೈ ಒರೆಸಿ, ಎರಡು ನಿಮಿಷದ ಕೆಲಸ. ಬ್ರಷ್ ಹಾಕಿ ಪೂರ್ತಿ ಮಾಡೋದು ಮೂರು ತಿಂಗಳಿಗೊಮ್ಮೆ. ತಿಳಿ ಬಣ್ಣವಾದರೆ ಅಥವಾ ಮನೆಯಲ್ಲಿ ಸಣ್ಣ ಮಕ್ಕಳು, ನಾಯಿ ಇದ್ದರೆ ಇನ್ನೂ ಬೇಗ. ಹಿಂದಿನ ಸೀಟಿನಲ್ಲಿ ಯಾರೂ ಕೂರದಿದ್ದರೆ ಅದನ್ನು ಪ್ರತಿ ಸಲ ಉಜ್ಜಬೇಕಾಗಿಲ್ಲ. ಮಕ್ಕಳ ಸೀಟ್ ಕಟ್ಟಿದ್ದರೆ ವರ್ಷಕ್ಕೆ ಒಂದೆರಡು ಸಲವಾದರೂ ಬಿಚ್ಚಿ ಅದರ ಅಡಿ ಒರೆಸಿ, ಅಲ್ಲಿ ಸಿಗುವಷ್ಟು ಕಸ ಕಾರಿನ ಬೇರೆಲ್ಲೂ ಸಿಗೋದಿಲ್ಲ.

ಬಿಸಿಲಲ್ಲಿ ನಿಂತ ಕಾರಿನೊಳಗೆ ಗಾಜಿನಿಂದ ಬಿಸಿಲು ನೇರ ಬೀಳುವ ಜಾಗ 60 ಡಿಗ್ರಿ ದಾಟೋದು ಮಾಮೂಲು. ಬಣ್ಣ ಮಾಸೋಕೆ, ಲೆದರ್ ಬಿರುಸಾಗೋಕೆ ಯಾವ ಕೊಳೆಗಿಂತ ಇದೇ ದೊಡ್ಡ ಕಾರಣ. ನೆರಳು ಹುಡುಕಿ ನಿಲ್ಲಿಸಿ, ಇಲ್ಲದಿದ್ದರೆ ಮುಂದಿನ ಗಾಜಿಗೆ ಸನ್‌ಶೇಡ್ ಇಡಿ. ದುಬಾರಿ ಕ್ರೀಮಿಗಿಂತ ಆ ಒಂದು ಶೇಡ್ ಜಾಸ್ತಿ ಕೆಲಸ ಮಾಡುತ್ತದೆ.

ಬಿರುಕು ಬಿಟ್ಟಿದ್ದರೆ

ಬಿರುಕಿಗೆ ಕಂಡೀಷನರ್ ಮದ್ದಲ್ಲ. ಬಿರುಕು ಅಂದರೆ ಮೇಲಿನ ಪದರ ಒಡೆದಿದೆ, ಅದು ಮತ್ತೆ ಕೂಡಿಕೊಳ್ಳೋದಿಲ್ಲ. ಕೂದಲೆಳೆಯಂಥ ಬಿರುಕಾದರೆ ಲೆದರ್ ಫಿಲ್ಲರ್ (ಬಿರುಕು ತುಂಬುವ ಪೇಸ್ಟು) ಮತ್ತು ಸೀಟಿನ ಬಣ್ಣಕ್ಕೆ ಹೊಂದುವ, ನೀರಿನಲ್ಲಿ ಕಲಸಿದ (ವಾಟರ್ ಬೇಸ್ಡ್) ಲೆದರ್ ಬಣ್ಣದ ಕಿಟ್ ತಂದು ಮನೆಯಲ್ಲೇ ಮಾಡಬಹುದು. ಜಿಡ್ಡು ಪೂರ್ತಿ ತೆಗೆದು, 600 ನಂಬರಿನ ಅಥವಾ ಅದಕ್ಕಿಂತ ನುಣುಪಾದ ಉಪ್ಪುಕಾಗದದಲ್ಲಿ ಅಂಚು ಸಮ ಮಾಡಿ, ಫಿಲ್ಲರನ್ನು ತೆಳ್ಳಗೆ ಎರಡು ಮೂರು ಸಲ ತುಂಬಿ, ಪ್ರತಿ ಸಲ ಒಣಗಿಸಿ, ಸ್ಪಂಜಿನಿಂದ ಬಣ್ಣ ಒತ್ತಿ, ಕೊನೆಗೆ ಮೇಲಿನ ಪಾರದರ್ಶಕ ಪದರ. ಮೇಲೆ ಬೇಡ ಅಂದ ಸ್ಪಿರಿಟ್ ಇಲ್ಲಿ ಮಾತ್ರ ಬೇಕಾಗುತ್ತದೆ, ಹಳೆ ಜಿಡ್ಡು, ಸಿಲಿಕೋನ್ ತೆಗೆಯೋಕೆ, ಅದೂ ಬಣ್ಣ ಹಾಕುವ ಜಾಗಕ್ಕಷ್ಟೇ. ಅವಸರ ಮಾಡಿ ದಪ್ಪಗೆ ತುಂಬಿದರೆ ಎರಡೇ ತಿಂಗಳಿಗೆ ಮತ್ತೆ ಸಿಪ್ಪೆ ಏಳುತ್ತದೆ.

ಹರಿದಿದ್ದರೆ ಅಡಿಯಲ್ಲಿ ಬಟ್ಟೆಯ ತುಂಡು ಇಟ್ಟು ಅಂಟಿಸಬೇಕು, ಅದು ಕೈಪಳಗಿದವರ ಕೆಲಸ. ಮತ್ತು ಸೀಟಿನ ಹೊರಬದಿಯಲ್ಲಿ ಏರ್‌ಬ್ಯಾಗ್ ಅಂತ ಸಣ್ಣ ಚೀಟಿ ಅಥವಾ ಅಕ್ಷರ ಕಂಡರೆ ಆ ಕಡೆಯ ಹೊಲಿಗೆಯನ್ನು ನೀವು ಹೊಲಿಯಬೇಡಿ, ಅಂಟಿಸಬೇಡಿ, ದಪ್ಪ ಸೀಟ್ ಕವರ್ ಹಾಕಿ ಮುಚ್ಚಲೂಬೇಡಿ. ಅಪಘಾತದಲ್ಲಿ ಬ್ಯಾಗ್ ಹೊರಬರಲು ಆ ಹೊಲಿಗೆ ಬಿಚ್ಚಿಕೊಳ್ಳಬೇಕು, ಅದಕ್ಕೇ ಬೇರೆ ದಾರ ಹಾಕಿ ಹೊಲಿದಿರುತ್ತಾರೆ. ಅಲ್ಲಿ ದಾರ ಬಿಟ್ಟಿದ್ದರೆ ಕಂಪನಿ ಸರ್ವಿಸ್ ಸೆಂಟರಿಗೇ ಒಯ್ಯಿರಿ.